ಸೊರ್ರೆನ್ನುವ ವಿದ್ಯೆ

ಚಹಾದ ಮೇಲೆ ನಾನು ಹನ್ನೊಂದು ಕವಿತೆಗಳನ್ನು ಬರೆದಿದ್ದೇನೆ. ಒಂದರಲ್ಲಿ ಅದು ಒಂಟಿತನ, ಇನ್ನೊಂದರಲ್ಲಿ ನಾಗರಿಕತೆ, ಮೂರನೆಯದರಲ್ಲಿ ಏನೆಂಬುದು ಈಗ ನನಗೂ ಹೊಳೆಯುವುದಿಲ್ಲ. ಅದೊಂದು ಗಿಡದ ಎಲೆ, ಅದನ್ನು ಬಾಡಿಸಿ, ಹೊಸಕಿ, ಒಣಗಿಸುತ್ತಾರೆ ಎಂಬ ಸಂಗತಿ ಮಾತ್ರ ಹನ್ನೊಂದರಲ್ಲಿ ಒಂದರೊಳಗೂ ನುಸುಳಿಲ್ಲ. ಚಹಾ ಪೊಟ್ಟಣ ಕಟ್ಟುವ ಕಂಪನಿಯಲ್ಲಿ ರುಚಿ ನೋಡುವ ಕೆಲಸದಲ್ಲಿರುವ ನನ್ನ ಅಣ್ಣನ ಮಗಳು ಹೊರಗಿನವರಿಗಾಗಿ ನಾಲ್ಕು ದಿನದ ತರಗತಿ ನಡೆಸುತ್ತಾಳೆಂದು ತಿಳಿದಾಗ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಹೆಸರು ಕೊಟ್ಟೆ. ಕಲಿಯುವ ಆಸೆಗಿಂತ ಅವಳ ಕಸುಬಿನ ಪದಗಳನ್ನು ಕದಿಯುವ ಆಸೆಯೇ ಹೆಚ್ಚಾಗಿತ್ತು.

ಮೂರನೆಯ ಮಹಡಿಯ ಉದ್ದನೆಯ ಕೋಣೆ. ಕಿಟಕಿಗಳೆಲ್ಲ ಒಂದೇ ಬದಿಗೆ. ನೇರ ಬಿಸಿಲು ಬಿದ್ದರೆ ಬಣ್ಣ ಸುಳ್ಳು ಹೇಳುತ್ತದಂತೆ. ಕಟ್ಟೆಯ ಮೇಲೆ ಮುಚ್ಚಳವಿರುವ ಬಿಳಿ ಪಿಂಗಾಣಿ ಬಟ್ಟಲುಗಳು. ಪುಟ್ಟ ತಕ್ಕಡಿಯಲ್ಲಿ ಎಲೆ ತೂಗಿ, ಕುದಿನೀರು ಹೊಯ್ದು, ಗಡಿಯಾರ ನೋಡಿ ಆರು ನಿಮಿಷಕ್ಕೆ ಬಸಿಯಬೇಕು. ರುಚಿ ನೋಡಿ ಉಗಿಯಲು ಚಕ್ರಗಳ ಮೇಲೆ ಓಡಾಡುವ ಎತ್ತರದ ಪೀಕದಾನಿ. ಮೊದಲ ದಿನ ಉಗಿಯಲು ನಾಚಿ ಇಪ್ಪತ್ತು ಬಟ್ಟಲುಗಳ ಚಹಾವನ್ನೂ ನುಂಗಿದೆ. ಆ ರಾತ್ರಿ ಎದೆಯೊಳಗೆ ಬಡಿದ ತಮಟೆಯನ್ನು ಸ್ಫೂರ್ತಿಯೆಂದೇ ಭಾವಿಸಿದ್ದೆ.

ಟಿಪ್ಪಣಿ ಪುಸ್ತಕದಲ್ಲಿ ನಾನು ಮೂರನೆಯ ಬಟ್ಟಲಿನ ಮುಂದೆ ಹೀಗೆ ಬರೆದಿದ್ದೆ: 'ಮಳೆ ನಿಂತ ಮೇಲೆ ತೆರೆದ ಹಳೆಯ ಪತ್ರ.' ಅಣ್ಣನ ಮಗಳು ಬಗ್ಗಿ ಓದಿದಳು.

"ಸರಿಯಾಗೇ ಹಿಡಿದಿದೀರ ಚಿಕ್ಕಪ್ಪ. ಮೂಟೆಗೆ ನೀರು ತಾಗಿ ಬೂಷ್ಟು ಬಂದಿರೋ ಟೀ ಅದು. ಬೇಕಂತಲೇ ಇಟ್ಟಿದ್ದೆ."

ನನ್ನಂತೆಯೇ ಕಲಿಯಲು ಬಂದಿದ್ದ ಬೇಕರಿಯವನೊಬ್ಬ ಪಕ್ಕದಿಂದ ತನ್ನ ಹಾಳೆ ತೋರಿಸಿದ. "ನಾನು 'ಒದ್ದೆ ರಟ್ಟು' ಅಂತ ಬರ್ದಿದೀನಿ ಮೇಷ್ಟ್ರೇ. ಎರಡೂ ಒಂದೇ. ನಿಮ್ದು ಓದೋಕೆ ಚೆನ್ನಾಗಿದೆ."

ನಲವತ್ತು ವರ್ಷಗಳಲ್ಲಿ ನನಗೆ ದೊರೆತ ವಿಮರ್ಶೆಗಳಲ್ಲಿ ಇಷ್ಟು ಚೊಕ್ಕದಾದುದು ಬೇರೊಂದಿಲ್ಲ.

ನಾನು ಸೋತದ್ದು ಬೇರೆಡೆ. ಚಮಚದಲ್ಲಿ ಚಹಾ ತೆಗೆದುಕೊಂಡು, ತುಟಿಗೆ ತಾಗಿಸಿ, ಗಾಳಿಯೊಂದಿಗೆ ಒಮ್ಮೆಲೇ ಸೊರ್ರೆಂದು ಎಳೆದುಕೊಳ್ಳಬೇಕು. ಹಾಗೆ ಎಳೆದಾಗ ಅದು ತುಂತುರಾಗಿ ನಾಲಗೆಯ ತುಂಬ ಹರಡಿ, ಪರಿಮಳ ಗಂಟಲ ಹಿಂದಿನಿಂದ ಮೂಗಿಗೇರುತ್ತದೆ. ಚಹಾ ಮಾತ್ರವಲ್ಲ, ಕಾಫಿಯ ರುಚಿ ನೋಡುವವರೂ ಹೀಗೆಯೇ. ವೈನ್ ನೋಡುವವರೂ ಗಾಳಿ ಎಳೆದುಕೊಳ್ಳುತ್ತಾರಂತೆ. ಬೇಕರಿಯವನು ಮೊದಲ ಯತ್ನದಲ್ಲೇ ನೀರೆತ್ತುವ ಪಂಪಿನಂತೆ ಸದ್ದು ಮಾಡಿದ. ನನ್ನ ತುಟಿಗಳು ಮಾತ್ರ ಸಂಭಾವಿತವಾಗಿ ಮುಚ್ಚಿಕೊಂಡೇ ಹೀರಿದವು.

"ಸದ್ದು ಬರ್ಲಿ ಚಿಕ್ಕಪ್ಪ. ಗಾಳಿ ಹೋಗ್ದೆ ಇದ್ರೆ ನಾಲಗೆಗೆ ಏನೂ ಗೊತ್ತಾಗಲ್ಲ."

"ಬರ್ತಿಲ್ವಲ್ಲ."

"ಯಾರೋ ಬೈತಾರೆ ಅನ್ನೋ ಹಾಗೆ ಕುಡೀತೀರಲ್ಲ. ಇಲ್ಲಿ ಯಾರೂ ಬೈಯಲ್ಲ."

ಬೈಯುವವನು ಯಾರೆಂದು ನನಗೆ ಗೊತ್ತಿತ್ತು.

ಮೂವತ್ತು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಐದಾರು ಗೆಳೆಯರು ಸೇರಿದ್ದೆವು. ನಾನು ಹೊಸ ಕವಿತೆ ಓದುತ್ತಿದ್ದೆ, ವಿಷಯ ಮೌನ. ಎರಡು ಸಾಲುಗಳ ನಡುವೆ ಪುಟದಲ್ಲಿ ನಾಲ್ಕು ಬೆರಳಷ್ಟು ಜಾಗ ಖಾಲಿ ಬಿಟ್ಟಿದ್ದೆ. ಓದುವಾಗಲೂ ಅಷ್ಟೇ ಹೊತ್ತು ನಿಲ್ಲಿಸಿದೆ. ಅದೇ ಖಾಲಿ ಜಾಗದಲ್ಲಿ, ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದ ನನ್ನ ಅಣ್ಣ ಚಹಾವನ್ನು ಸೊರ್ರೆಂದು ಹೀರಿದ. ಗೆಳೆಯರು ನಕ್ಕರು. "ಸ್ವಲ್ಪ ಮನುಷ್ಯರ ಹಾಗೆ ಕುಡಿಯೋಕೆ ಆಗಲ್ವಾ ನಿಂಗೆ?" ಎಂದೆ. ಅಣ್ಣ ಲೋಟವನ್ನು ಸದ್ದಾಗದಂತೆ ನೆಲಕ್ಕಿಟ್ಟ. ಆ ಕವಿತೆ ಯಾರಿಗೂ ನೆನಪಿಲ್ಲ, ಬರೆದವನನ್ನೂ ಸೇರಿಸಿಕೊಂಡು.

ಮೂರನೆಯ ದಿನ ತರಗತಿ ಮುಗಿದು ಬಟ್ಟಲು ತೊಳೆಯುವಾಗ ಕೇಳಿದೆ: "ನೀನು ಇದನ್ನ ಎಲ್ಲಿ ಕಲಿತೆ?"

"ಕಂಪನಿಯವರು ಎಲೆ ಕಲಿಸಿದ್ರು. ಹೀರೋದು ಅಪ್ಪನದ್ದು." ಅವಳು ನಕ್ಕಳು. "ವರ್ಕ್‌ಶಾಪಲ್ಲಿ ಟೀಗೆ ಹತ್ತೇ ನಿಮಿಷ. ಸೈರನ್ ಆಗೋದ್ರೊಳಗೆ ಸುಡೋ ಟೀ ಮುಗಿಸ್ಬೇಕು. ಗಾಳಿ ಸೇರಿಸಿ ಎಳೆದ್ರೆ ಬಾಯಲ್ಲೇ ಆರುತ್ತೆ. ಚಿಕ್ಕೋಳಿದ್ದಾಗ ಅವ್ರ ಪಕ್ಕ ಕೂತು ನಾನೂ ಹಾಗೇ ಕುಡೀತಿದ್ದೆ. ಇಂಟರ್‌ವ್ಯೂಲಿ ಅದನ್ನ ನೋಡೇ ಕೆಲಸ ಕೊಟ್ರು ಅನ್ಕೊಳ್ಳಿ."

ನಾನು ಬಟ್ಟಲನ್ನು ಒರೆಸಿದ್ದನ್ನೇ ಒರೆಸುತ್ತಿದ್ದೆ.

"ಚಿಕ್ಕಪ್ಪ, ಅಪ್ಪ ನಿಮ್ಮೆದುರು ಟೀ ಕುಡಿದಿದ್ದನ್ನ ಕೊನೇ ಸಲ ಯಾವತ್ತು ನೋಡಿದ್ರಿ?"

ಯೋಚಿಸಿದೆ. ತಿಂಗಳಿಗೆರಡು ಸಲವಾದರೂ ಹೋಗುತ್ತೇನೆ. ಪ್ರತಿ ಸಲವೂ ಅಣ್ಣ ನನಗೊಂದು ಲೋಟ ತಂದಿಡುತ್ತಾನೆ. ಪ್ರತಿ ಸಲವೂ "ನಂದು ಆಗ್ಲೇ ಆಯ್ತು" ಎನ್ನುತ್ತಾನೆ.

"ಆಗಿರಲ್ಲ," ಎಂದಳು. "ನೀವು ಹೋಗೋವರೆಗೂ ಅದು ಅಡುಗೆಮನೇಲಿ ಇರುತ್ತೆ."

ಒಂದು ಎಲೆ ಬೀಳುವುದನ್ನು ಗಮನಿಸಿ ಎಂಟು ಪುಟ ಬರೆಯಬಲ್ಲವನು, ಮೂವತ್ತು ವರ್ಷ ಒಂದು ಲೋಟ ಕಡಿಮೆಯಿದ್ದುದನ್ನು ಗಮನಿಸಿರಲಿಲ್ಲ. ಸೂಕ್ಷ್ಮ ಸಂವೇದನೆಯ ಕವಿ ಎಂದು ನನ್ನನ್ನು ಸನ್ಮಾನಿಸಿದ ಫಲಕವೊಂದು ಮನೆಯಲ್ಲಿದೆ. ಬಂದವರಿಗೆ ಕಾಣುವಂತೆಯೇ ತೂಗುಹಾಕಿದ್ದೇನೆ.

ನಾಲ್ಕನೆಯ ದಿನ ಪರೀಕ್ಷೆಯಿತ್ತು. ನಾನು ಹೋಗಲಿಲ್ಲ. ಅಂಗಿಯ ಜೇಬಿನಲ್ಲಿ ತರಗತಿಯ ಚಮಚ ಇಟ್ಟುಕೊಂಡು ಅಣ್ಣನ ಮನೆಗೆ ಹೋದೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ವಾಕ್ಯವನ್ನು ತಿದ್ದಿದೆ. ಬಾಗಿಲು ತಲುಪುವ ಹೊತ್ತಿಗೆ ಅದರಲ್ಲಿ ಎರಡು ಉಪಮೆಗಳು ಸೇರಿಕೊಂಡಿದ್ದವು, ಹೊರಗೇ ಬಿಟ್ಟೆ.

ಅಣ್ಣ ಲೋಟ ತಂದಿಟ್ಟ. ಒಂದೇ.

"ನಿಂಗೆ?"

"ನಂದು ಆಗ್ಲೇ ಆಯ್ತು."

ಚಮಚ ತೆಗೆದೆ. ಅವನು ಹುಬ್ಬೇರಿಸಿ ನೋಡುತ್ತಿದ್ದ. ತುಂಬಿಕೊಂಡು, ಕಣ್ಣು ಮುಚ್ಚಿ, ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಎಳೆದೆ. ಸದ್ದು ಬಂತು. ಚಹಾ ಅರ್ಧ ಶ್ವಾಸನಾಳಕ್ಕೂ ಅರ್ಧ ಮೂಗಿಗೂ ಹೋಗಿ, ಉಳಿದದ್ದು ಅಂಗಿಯ ಮೇಲೆ ಬಿತ್ತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಲೇತ್ ಯಂತ್ರ ತಿರುಗಿಸಿದ ಕೈ ಅಣ್ಣನದು. ಬೆನ್ನಿಗೆ ಗುದ್ದಿದ್ದು ಇನ್ನೂ ನೋಯುತ್ತದೆ.

"ಏನೋ ಇದು, ಈ ವಯಸ್ಸಲ್ಲಿ?"

"ಹೀರೋದು ಕಲೀತಿದೀನಿ. ನಿನ್ನ ಮಗಳ ಕ್ಲಾಸು. ಎಲ್ಲರಿಗೂ ಬಂತು, ನಂಗೊಬ್ಬನಿಗೆ ಬರ್ಲಿಲ್ಲ."

ಅವನು ಹೆಗಲ ಮೇಲಿನ ಟವೆಲನ್ನು ನನಗೆ ಕೊಟ್ಟ.

"ಅಣ್ಣ, ಅವತ್ತು ನಾನು ಹಾಗನ್ನಬಾರದಿತ್ತು."

"ಯಾವತ್ತು?" ಎಂದ. ಬಹಳ ಬೇಗ ಎಂದ. ಯಾವತ್ತೆಂದು ಗೊತ್ತಿರುವವರಷ್ಟೇ ಅಷ್ಟು ಬೇಗ ಕೇಳಬಲ್ಲರು.

ಸ್ವಲ್ಪ ಹೊತ್ತು ನನ್ನ ಅಂಗಿಯ ಕಲೆಯನ್ನು ನೋಡಿ ಒಳಗೆ ಹೋದ. ಅಡುಗೆಮನೆಯಲ್ಲಿ ಅತ್ತಿಗೆ ಕೇಳಿದ್ದು ಕೇಳಿಸಿತು: "ಅದು ಆರಿದೆ, ಚೆಲ್ಲಲಾ?" ಅಣ್ಣ ಎಂದ: "ಚೆಲ್ಲು. ಬಿಸಿಯಾಗಿ ಇನ್ನೊಂದು ಮಾಡು. ಚೆನ್ನಾಗಿ ಕುದೀಲಿ."

ಅಣ್ಣ ಲೋಟ ಹಿಡಿದು ಬಂದು ನನ್ನೆದುರು ಕುಳಿತ. ಕುಡಿಯಲಿಲ್ಲ. ಹಬೆಯಾಡುವುದನ್ನು ನೋಡುತ್ತ ಕುಳಿತವನ ಬೆರಳುಗಳು ಲೋಟದ ಅಂಚನ್ನು ಹಿಡಿದು ಬಿಡುತ್ತಿದ್ದವು. ನಾನು ಚಮಚವನ್ನು ಮತ್ತೆ ತುಂಬಿದೆ.

"ಇಡು ಅದನ್ನ," ಎಂದ. "ಚಮಚದಲ್ಲಿ ಕುಡಿಯೋಕೆ ನಿಂಗೇನು ಜ್ವರನಾ? ತುಟಿ ಬಿಗೀಬೇಡ. ನಾಲಗೆ ಕೆಳಗಿರ್ಲಿ. ನೋಡು."

ಲೋಟವೆತ್ತಿ ಎಳೆದ. ಬಟ್ಟೆಯಂಗಡಿಯಲ್ಲಿ ಥಾನು ಹರಿದಂಥ ಸದ್ದು. ಅತ್ತಿಗೆ ಬಾಗಿಲಿಗೆ ಬಂದು ನಿಂತರು. ನೋಡಿ ಒಳಗೆ ಹೋದರು.

"ಈಗ ನೀನು."

ಎಳೆದೆ.

"ಗಾಳಿ ಸಾಲದು. ಇನ್ನೊಂದ್ಸಲ."

ಆರನೆಯ ಸಲಕ್ಕೆ ನಾಲಗೆಯ ಬದಿಗಳಲ್ಲಿ ಮೊದಲು ಒಗರು, ಹಿಂದೆಯೇ ತೆಳುವಾದ ಸಿಹಿ ಗೊತ್ತಾಯಿತು. ಎಪ್ಪತ್ತೆರಡು ವರ್ಷ ಅವು ಅಲ್ಲಿಯೇ ಇದ್ದವೇನೋ. ಕೈ ಅಭ್ಯಾಸಬಲದಿಂದ ಜೇಬಿನ ಪೆನ್ನಿನತ್ತ ಹೋಯಿತು. ಅಣ್ಣ ನೋಡಿದ.

"ಇದರ ಮೇಲೆ ಕವಿತೆ ಗಿವಿತೆ ಬರೀಬೇಡ."

"ಇಲ್ಲ," ಎಂದೆ.

ಮಾತಿಗೆ ತಪ್ಪಿಲ್ಲ. ಇದನ್ನು ಎಲ್ಲಿಯೂ ಖಾಲಿ ಜಾಗ ಬಿಡದೆ, ಸಾಲುಗಳನ್ನು ಪುಟದ ಅಂಚಿನವರೆಗೂ ಎಳೆದು ಬರೆದಿದ್ದೇನೆ.