ಮೊದಲು ಒಂದು ಲೋಟ ನೀರು

ವೀರಭದ್ರಯ್ಯನವರ ತಲೆ ಮತ್ತೆ ಎಡಕ್ಕೆ ವಾಲಿತು. ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವ ಮನೆತನ. ಕುರ್ಚಿಯಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಹಣೆಗೆ ಬಟ್ಟೆ ಬಿಗಿದು ಗೋಡೆಯ ಮೊಳೆಗೆ ಕಟ್ಟುತ್ತಿದ್ದ ಬಾಮೈದ ಮರಿಯಣ್ಣನಿಗೆ ಸಾಕಾಗಿಹೋಗಿತ್ತು.

"ಭಾವ ಬದುಕಿದ್ದಾಗ್ಲೂ ಹೀಗೇ ಅಕ್ಕ. ಈ ಕಡೆ ಮಾತು ಕೇಳಿದ್ರೆ ಆ ಕಡೆಗೆ ವಾಲೋರು."

ಹೆಂಡತಿ ಶಿವನಂಜಮ್ಮ ಅಳುವಿನ ನಡುವೆಯೂ ನಕ್ಕರು. ಅಷ್ಟರಲ್ಲಿ ಮಗಳು ಯಮುನಾ ಬಂದು ಪಿಸುಗುಟ್ಟಿದಳು. "ಅಮ್ಮ, ನಂಜಪ್ಪನೋರು ಬಂದಿದಾರೆ. ಗೇಟ್ ಹತ್ರಾನೇ ನಿಂತ್ಬಿಟ್ಟಿದಾರೆ."

ನಗು ಅಲ್ಲೇ ಆರಿತು. "ಅಲ್ಲಿಂದ್ಲೇ ಹೋಗ್ಲಿ. ಅವನಿಗೆ ಈ ಮನೇಲಿ ತೊಟ್ಟು ನೀರೂ ಇಲ್ಲ ಅಂದಿದ್ದೆ. ಇವತ್ತೂ ಅದೇ ಮಾತು."

*

ಮೂವತ್ತು ವರ್ಷದ ಹಿಂದೆ ಠಾಣೆಯ ಲಾಕಪ್ಪಿನಿಂದ ಕಳ್ಳನೊಬ್ಬ ಓಡಿಹೋದ. ಕಾವಲಿಗಿದ್ದ ವೀರಭದ್ರಯ್ಯ ನಿದ್ದೆ ಮಾಡುತ್ತಿದ್ದರು ಎಂದು ಜೊತೆಯ ಕಾನ್‌ಸ್ಟೇಬಲ್ ನಂಜಪ್ಪ ಹೇಳಿದ. ನೋಟೀಸಿಲ್ಲ, ವಿಚಾರಣೆಯಿಲ್ಲ. ಬೆಳಿಗ್ಗೆ ಹೇಳಿಕೆ, ಸಂಜೆ ವಜಾ. ಶಿವನಂಜಮ್ಮ ಗವಿಪುರದ ಗುಡಿ ಮುಂದೆ ಹೂ ಮಾರಿ ಸಂಸಾರ ತೂಗಿಸಿದರು. ಕಡೆಗೆ ಕೋರ್ಟು, ನಿದ್ದೆ ಮಾಡಿದನೋ ಇಲ್ಲವೋ ಆಮೇಲಿನ ಮಾತು, ಮೊದಲು ಅವನನ್ನು ಕೇಳಬೇಕಿತ್ತು ಎಂದು ಕೆಲಸಕ್ಕೆ ವಾಪಸು ಕಳಿಸಿತು.

ಆ ಮಾತು ವೀರಭದ್ರಯ್ಯನವರ ತಲೆಗೇರಿತು. ನಡುಮನೆಯಲ್ಲಿ ಒಂದು ಸ್ಟೂಲು ಹಾಕಿದರು. ಯಾರ ಮೇಲೆ ದೂರು ಬಂದರೂ ಅದರ ಮೇಲೆ ಕೂರಿಸಿ, ಮೊದಲು ಒಂದು ಲೋಟ ನೀರು ಕೊಟ್ಟು, "ಈಗ ನಿಮ್ಮ ಮಾತು ಹೇಳಿ" ಎನ್ನುವರು. ಹಾಲಿಗೆ ನೀರು ಬೆರೆಸಿ ಸಿಕ್ಕಿಬಿದ್ದ ಹಾಲಿನವನಿಗೂ ನೀರು ಕೊಟ್ಟರು. ಹಾಲು ಕುಡಿದ ಬೆಕ್ಕನ್ನೂ ಕೂರಿಸಿದರು. ಅದು ಹಾರಿ ಓಡಿತು.

"ಹೆದ್ರಿಕೊಂಡಿದೆ, ಇನ್ನೊಂದು ಅವಕಾಶ ಕೊಡೋಣ," ಎಂದರು.

"ನಂಜಪ್ಪನ್ನೂ ಒಂದಿನ ಕೂರಿಸ್ಬೇಕು ಕಣೆ," ಎಂದು ಆಗಾಗ ಹೇಳುತ್ತಿದ್ದರು. "ಅವನು ಒಳಗೆ ಬಂದ್ರೆ ನಾನು ತವರಿಗೆ," ಎಂದು ಶಿವನಂಜಮ್ಮ ಬಾಯಿ ಮುಚ್ಚಿಸುತ್ತಿದ್ದರು.

*

ರುದ್ರಭೂಮಿಗೆ ಒಯ್ಯುವ ಗಾಡಿ ಬಂದು ನಿಂತಿತು. "ಆ ನಂಜಪ್ಪನ್ನ ಓಡಿಸ್ಬಿಡ್ಲಾ ಅಕ್ಕ?" ಎಂದು ಮರಿಯಣ್ಣ ಪಂಚೆ ಎತ್ತಿಕಟ್ಟಿದ.

"ಯಾಕೆ ಬಂದ್ನಂತೆ?"

"ಯಾರ್ಗೊತ್ತು. ನಾವೇನೂ ಕೇಳ್ಲಿಲ್ಲ."

ಕೇಳಲಿಲ್ಲ. ಅಂದು ಗಂಡನನ್ನೂ ಯಾರೂ ಕೇಳದ್ದಕ್ಕೇ ತಾನು ಬಿಸಿಲಲ್ಲಿ ಕೂತು ಹೂ ಮಾರಿದ್ದು. ಶಿವನಂಜಮ್ಮ ಗಂಡನ ಕಡೆ ನೋಡಿದರು. ಹಟಮಾರಿ ತಲೆ ಈಗ ಗೇಟಿನ ಕಡೆಗೆ ವಾಲಿತ್ತು.

"ಕರಿ ಅವನನ್ನ."

ನಂಜಪ್ಪ ಕೋಲೂರಿಕೊಂಡು ಬಂದ. ಕುರ್ಚಿಯಲ್ಲಿದ್ದ ವೀರಭದ್ರಯ್ಯನವರಿಗೆ ಕೈ ಮುಗಿದ. ಹತ್ತಿರ ಸಿಕ್ಕಿದ್ದರ ಮೇಲೆ ಕುಸಿದು ಕೂತ. ಅದು ಆ ಸ್ಟೂಲು. ಭಜನೆಯವರು ತಾಳ ನಿಲ್ಲಿಸಿದರು. ಬೀದಿಯವರೆಲ್ಲ ಒಂದಲ್ಲ ಒಂದು ದಿನ ಅದರ ಮೇಲೆ ಕೂತೆದ್ದವರೇ.

"ತಾಯಿ, ನಂದೊಂದು ಮಾತು..."

"ತಡೀರಿ," ಎಂದರು ಶಿವನಂಜಮ್ಮ. "ಯಮುನಾ, ನಂಜಪ್ಪನೋರಿಗೆ ಒಂದು ಲೋಟ ನೀರು ತಾ."

ನಂಜಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದ. ಹೊರಗೆ ಗಾಡಿಯವನು ಹಾರ್ನ್ ಹೊಡೆದ. ಯಾರೂ ಏಳಲಿಲ್ಲ. ಶಿವನಂಜಮ್ಮ ಗಂಡನ ಗದ್ದಕ್ಕೆ ಅಂಗೈ ಕೊಟ್ಟು, ಮುಖವನ್ನು ಸ್ಟೂಲಿನ ಕಡೆಗೆ ತಿರುಗಿಸಿ, ವಾಲದಂತೆ ಹಿಡಿದುಕೊಂಡು ನಿಂತರು.

"ಈಗ ನಿಮ್ಮ ಮಾತು ಹೇಳಿ."