ಲಿಫ್ಟ್ ಸಾಹೇಬರು ಮನೆ ತಪ್ಪಿದ ಸಂಜೆ

ದೂರದ ಬೆಟ್ಟ ನುಣ್ಣಗೆ, ಪಕ್ಕದ ಮನೆ ತಣ್ಣಗೆ, ಸ್ವಂತ ಮನೆ ಮಾತ್ರ ಸಪ್ಪಗೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ಕೈಕಾಲು ಮುರಿಸಿಕೊಂಡ ಈ ಗಾದೆ ಸುಳ್ಳಾದರೂ ಆದೀತು, ಮುಂದಿನ ಕಥೆ ಮಾತ್ರ ಅಪ್ಪಟ ನಿಜ.

ಬೀದಿಯವರೆಲ್ಲ ಲಿಫ್ಟ್ ಸಾಹೇಬರು ಎಂದು ಕರೆಯುತ್ತಿದ್ದ ಆಸಾಮಿಯ ಕೆಲಸ, ಎತ್ತರದ ಕಟ್ಟಡಗಳ ಲಿಫ್ಟುಗಳನ್ನು ತಪಾಸಣೆ ಮಾಡುವುದು. ಗೋಡೆಗೆ ಕಿವಿಯಾನಿಸಿ, ಕಣ್ಣು ಮುಚ್ಚಿ ನಿಂತರೆಂದರೆ ಹಗ್ಗ ಸವೆದಿದೆಯೋ, ಬ್ರೇಕು ಕಚ್ಚುತ್ತಿದೆಯೋ, ಸದ್ದಿನಲ್ಲೇ ಹೇಳಿಬಿಡುತ್ತಿದ್ದರು. ಮನೆಗೆ ಬಂದರೆ ಮಾತ್ರ ಒಂದೇ ರಾಗ.

"ದಿನವೆಲ್ಲ ಮೇಲೆ ಹೋಗ್ತೀನಿ, ಕೆಳಗೆ ಬರ್ತೀನಿ. ಮುಂದಕ್ಕೆ ಒಂದು ಹೆಜ್ಜೆ ಹೋಗಿಲ್ಲ."

"ಸಂಜೆ ಹೊತ್ತು ಮೇಲೆ ಹೋಗೋ ಮಾತೆಲ್ಲ ಆಡ್ಬೇಡಿ," ಎನ್ನುತ್ತಿದ್ದಳು ಹೆಂಡತಿ.

ಅವರಿದ್ದದ್ದು ಊರಂಚಿನ ಹೊಸ ಬಡಾವಣೆಯಲ್ಲಿ. ಕಟ್ಟಿಸಿದವನು ಒಂದೇ ಅಚ್ಚಿನಲ್ಲಿ ಸಾಲು ಮನೆಗಳನ್ನು ಎರಕ ಹೊಯ್ದು, ಒಂದೇ ಬಣ್ಣ ಬಳಿದು, ಒಳಗೆ ಒಂದೇ ಬಗೆಯ ಬೂದು ಸೋಫಾ ಇಟ್ಟು ಮಾರಿದ್ದ. ಸಾಹೇಬರಿಗೆ ಸ್ವಂತ ಮನೆಯ ಗುರುತೆಂದರೆ ಗೇಟಿನ ಬದಿಯ ಅಂಚೊಡೆದ ನೀಲಿ ಹೂಕುಂಡ. ತಲೆ ತಗ್ಗಿಸಿ ಬರುವುದು, ಕುಂಡ ಕಂಡಲ್ಲಿ ಒಳಗೆ ತಿರುಗುವುದು.

ಹೋದ ಭಾನುವಾರ ಕಾಂಪೌಂಡಿನ ಬಳಿ ನಿಂತು, ಪಕ್ಕದ ಮನೆಯ ಹಲ್ಲಿನ ಡಾಕ್ಟರಿಗೆ ಅವರು ಹೇಳಿದ್ದರು: "ಈ ಸಾಲಲ್ಲಿ ಯಾವ ಮನೆಗೆ ನುಗ್ಗಿದ್ರೂ ಒಂದೇ ರೀ. ಅದೇ ಸೋಫಾ, ಅದೇ ಗೋಡೆ, ಅದೇ 'ಬಂದ್ರಾ, ಕಾಫಿ ಬೇಕಾ?'"

ಡಾಕ್ಟರು ನಕ್ಕರು. ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ನಗಲಿಲ್ಲ. ಕ್ಲಿಪ್ಪನ್ನು ಹಲ್ಲಲ್ಲಿ ಕಚ್ಚಿಕೊಂಡು ಏನೋ ಲೆಕ್ಕ ಹಾಕಿದಳು.

ಆ ಮಾತು ಬಾಯಿಗೆ ಬಂದದ್ದು ಸುಮ್ಮನಲ್ಲ. ದೂರದ, ಚಳಿ ಕೊರೆಯುವ ಬಂದರಿನ ಊರೊಂದರಲ್ಲಿ ಸಾಹೇಬರಿಗೆ ಕೆಲಸ ಸಿಕ್ಕಿತ್ತು. ಜೊತೆಗೆ ಒಬ್ಬರಿಗೆ ಮಾತ್ರ ಸಾಲುವ ಕೋಣೆ. ಶುಕ್ರವಾರ ಬೆಳಿಗ್ಗೆ ಫೋನಿನಲ್ಲಿ ಹೂಂ ಅಂದರೆ ಮುಗಿಯಿತು. ಮನೆಯಲ್ಲಿ ತುಟಿ ಬಿಚ್ಚದೆ, ಕಾರಿನ ಡಿಕ್ಕಿಯಲ್ಲಿ ಒಂದು ಸೂಟ್‌ಕೇಸ್ ಬಚ್ಚಿಟ್ಟಿದ್ದರು. ಮನೆಯವರು ತನ್ನನ್ನು ನೋಡುವುದನ್ನೇ ಬಿಟ್ಟಿದ್ದಾರೆ, ಹೋದರೂ ಸೋಫಾದಲ್ಲೊಂದು ತಗ್ಗು ಕಡಿಮೆಯಾದೀತು ಅಷ್ಟೇ ಎಂದುಕೊಂಡಿದ್ದರು.

ಗುರುವಾರ ಸಂಜೆ ಕಾರು ನಿಲ್ಲಿಸಿ, ತಲೆ ತಗ್ಗಿಸಿ, ನೀಲಿ ಕುಂಡ ಕಂಡಲ್ಲಿ ತಿರುಗಿದರು. ಬಾಗಿಲು ತೆರೆದೇ ಇತ್ತು. ಶೂ ಬಿಚ್ಚಿ, ಸೋಫಾಕ್ಕೆ ಬಿದ್ದು, ಕಣ್ಣು ಮುಚ್ಚಿದರು. ಅಡುಗೆಮನೆಯಿಂದ ದನಿ ಬಂತು: "ಬಂದ್ರಾ?"

"ಹೂಂ."

"ಕಾಫಿ ಬೇಕಾ?"

"ಹೂಂ."

"ತಲೆನೋವಾ?"

"ಹೂಂ."

"ಹಾಗಾದ್ರೆ ಸ್ವಲ್ಪ ಬಾಯಿ ಅಗಲಿಸಿ."

ಸಾಹೇಬರು ಕಣ್ಣು ಬಿಟ್ಟರು. ಎದುರಿಗೆ ಹೂಹೂವಿನ ಏಪ್ರನ್ ಕಟ್ಟಿಕೊಂಡು, ಕೈಯಲ್ಲಿ ಕಾಫಿ ಹಿಡಿದು, ಪೊದೆ ಮೀಸೆಯ ಹಲ್ಲಿನ ಡಾಕ್ಟರು ಮುಗುಳ್ನಗುತ್ತಿದ್ದರು! ಅಷ್ಟೂ ಹೊತ್ತು ಹೆಣ್ಣುದನಿ ತೆಗೆದು ಕೇಳಿದವರು ಅವರೇ.

"ಅಯ್ಯಯ್ಯೋ! ಸಾರಿ ಡಾಕ್ಟ್ರೇ, ಮನೆ ತಪ್ಪಿ..."

"ತಪ್ಪೆಲ್ಲಿ ಬಂತು? ಯಾವ ಮನೆಯಾದ್ರೂ ಒಂದೇ ಅಂದೋರು ನೀವೇ ಅಲ್ವಾ? ಕುಂಡ ಹೊತ್ತು ತಂದಿದ್ದು ನಾನು. ಬುದ್ಧಿ ಮಾತ್ರ ನಿಮ್ಮ ಮನೆಯವರದ್ದು," ಎಂದು ಡಾಕ್ಟರು ತಮ್ಮ ದನಿಗೆ ಮರಳಿದರು. "ಬನ್ನಿ, ಕಿಟಕಿ ಹತ್ರ. ಆಚೆ ನಾಟಕ ಶುರುವಾಗೋ ಹೊತ್ತು. ಟಿಕೆಟ್ ಇಲ್ಲ."

ಎರಡು ಮನೆಗಳ ನಡುವೆ ಇದ್ದದ್ದು ಒಂದು ಸಣ್ಣ ಓಣಿ. ಎದುರು ಕಿಟಕಿ ತೆರೆದಿತ್ತು, ಪರದೆ ಸರಿದಿತ್ತು. ಹಳದಿ ಬೆಳಕಿನಲ್ಲಿ ಒಂದು ಕೋಣೆ, ಆ ಬೆಳಕಿನಲ್ಲಿ ಮೂವರು. ಎಷ್ಟು ಚೆಂದದ ಮನೆ, ಯಾರದಿರಬಹುದು ಎಂದುಕೊಂಡು, ಮರುಕ್ಷಣವೇ ಸಾಹೇಬರು ಬೆಚ್ಚಿದರು. ಅದು ತಮ್ಮದೇ ಮನೆ. ಹೊರಗೆ ನಿಂತು ಅದನ್ನು ಅವರು ಒಮ್ಮೆಯೂ ನೋಡಿರಲಿಲ್ಲ.

ಹೆಂಡತಿ ಅವರ ಹಳೇ ಕೋಟು ತೊಟ್ಟಿದ್ದಳು. ಹೆಗಲು ಇಳಿಬಿಟ್ಟು ಬಂದಳು, ಲೈಟಿನ ಸ್ವಿಚ್ಚನ್ನು ಎರಡು ಸಲ ಒತ್ತಿದಳು, ಲಿಫ್ಟು ಬರಲಿ ಎಂಬಂತೆ ಕತ್ತೆತ್ತಿ ಕಾದಳು. ಸೋಫಾದಲ್ಲಿ ಕುಸಿದು, ಟೈರಿನ ಗಾಳಿ ಹೋದಂತೆ 'ಉಸ್ಸ್' ಎಂದಳು.

"ಥೂ, ನನ್ನ ಮಗ ಅಷ್ಟು ಗೂನಲ್ಲ ಕಣೇ!" ಎಂದು ಸಾಹೇಬರ ತಾಯಿ ಕಣ್ಣೊರೆಸಿಕೊಂಡು ನಗುತ್ತಿದ್ದರು.

"ಅಜ್ಜೀ, ಇದು ಕಮ್ಮೀನೇ," ಎಂದಳು ಮಗಳು.

ಸಾಹೇಬರ ಮುಖ ಕೆಂಪಾಯಿತು. ಆದರೆ ಕಣ್ಣು ಕೀಳಲಾಗಲಿಲ್ಲ. ಟೈ ಸಡಿಲಿಸುವಾಗ ಗಲ್ಲ ಎಡಕ್ಕೆ ವಾಲುವುದು, ಕಾಫಿ ಲೋಟವನ್ನು ಮೊದಲು ಕಿವಿಯ ಹತ್ತಿರ ಒಯ್ಯುವುದು... ಇವೆಲ್ಲ ತಮ್ಮಲ್ಲಿವೆ ಎಂದು ಅವರಿಗೇ ಗೊತ್ತಿರಲಿಲ್ಲ. ಯಾರೂ ನೋಡುತ್ತಿಲ್ಲ ಎಂದುಕೊಂಡ ಮನುಷ್ಯನನ್ನು ಅಲ್ಲಿ ಕೂದಲೆಳೆಯೂ ಬಿಡದೆ ಬಾಯಿಪಾಠ ಮಾಡಿಟ್ಟಿದ್ದರು.

ಆಮೇಲೆ ಹೆಂಡತಿ ಎದ್ದು ಮಗಳ ಕೋಣೆಯ ಬಾಗಿಲಿಗೆ ಹೋದಳು. ಅದಕ್ಕೆ ಕಿವಿಯಾನಿಸಿ, ಕಣ್ಣು ಮುಚ್ಚಿ, ಉಸಿರು ಹಿಡಿದು ನಿಂತಳು. ಎಲ್ಲ ಸರಿಯಿದೆ ಎಂಬಂತೆ ಒಂದೇ ಸಲ ತಲೆಯಾಡಿಸಿದಳು. ಈ ಸಲ ಯಾರೂ ನಗಲಿಲ್ಲ.

"ನಂಗೊತ್ತಮ್ಮ," ಎಂದಳು ಮಗಳು ಮೆಲ್ಲಗೆ. "ದಿನಾ ಅಪ್ಪ ಹೀಗೇ ನಿಲ್ತಾರೆ. ನಾನು ನಿದ್ದೆ ಬಂದ ಹಾಗೆ ಉಸಿರಾಡ್ತೀನಿ. ಇಲ್ದಿದ್ರೆ ಅಲ್ಲಿಂದ ಹೋಗೋದೇ ಇಲ್ಲ."

ಸಾಹೇಬರು ಕಿಟಕಿಯ ಸರಳು ಹಿಡಿದುಕೊಂಡರು. ಊರಿನ ಅಷ್ಟೂ ಲಿಫ್ಟುಗಳ ಎದೆಬಡಿತ ಕೇಳಿದ್ದ ಕಿವಿ ಅದು. ತಾನು ಆಲಿಸುತ್ತಿದ್ದಾಗಲೆಲ್ಲ ಬಾಗಿಲಾಚೆಯಿಂದ ತನ್ನನ್ನೂ ಒಂದು ಜೀವ ಆಲಿಸುತ್ತಿತ್ತು ಎಂಬುದು ಆ ಕಿವಿಗೆ ಒಂದು ದಿನವೂ ಬಿದ್ದಿರಲಿಲ್ಲ. ಆಕಾಶ ನೋಡುವವನಂತೆ ಅವರು ಆ ಕೋಣೆಯನ್ನು ನೋಡಿದರು.

ಅಷ್ಟರಲ್ಲಿ ಹೆಂಡತಿ ಸೋಫಾದ ಹಿಂದಿನಿಂದ ಒಂದು ಚೀಲ ಎತ್ತಿಕೊಂಡು, ಕಳ್ಳಬೆಕ್ಕಿನ ಹೆಜ್ಜೆ ಹಾಕುತ್ತ, ಅತ್ತಿತ್ತ ನೋಡುತ್ತ, ಅದನ್ನು ಮೇಜಿನ ಕೆಳಗೆ ತುರುಕಿದಳು. ಸೂಟ್‌ಕೇಸಿನ ವಿಷಯ ಇವಳಿಗೆ ಗೊತ್ತು!

ಆಕೆ ನೇರವಾಗಿ ಈಚೆ ಕಿಟಕಿಯತ್ತ ತಿರುಗಿ, ಗಂಡನ ದಪ್ಪ ದನಿಯಲ್ಲಿ ಹೇಳಿದಳು: "ಟೈ ಇಟ್ಕೊಂಡಿದ್ದೀನಿ, ಕೋಟು ಇಟ್ಕೊಂಡಿದ್ದೀನಿ. ಕಾಲುಚೀಲ? ಅದನ್ನ ಅವಳು ಇಡ್ತಾಳೆ ಬಿಡು!"

ಸಾಹೇಬರು ಬರಿಗಾಲಲ್ಲೇ ಹೊರಗೋಡಿ ಡಿಕ್ಕಿ ತೆಗೆದರು. ಸೂಟ್‌ಕೇಸ್ ಬಿಚ್ಚಿದರೆ ಮೇಲೆಯೇ ಉಂಡೆಯುಂಡೆಯಾಗಿ ಮಡಚಿಟ್ಟ ಉಣ್ಣೆಯ ಕಾಲುಚೀಲಗಳು, ಪಕ್ಕದಲ್ಲಿ ಅವರು ಮರೆತೇಬಿಟ್ಟಿದ್ದ ಹಲ್ಲುಜ್ಜುವ ಬ್ರಷ್ಷು. ಹೆಂಡತಿ ತಡೆದಿರಲಿಲ್ಲ. ಹೋಗುವುದೇ ಆದರೆ ಕಾಲು ಬೆಚ್ಚಗಿರಲಿ ಎಂದಿದ್ದಳು, ಅಷ್ಟೇ.

ಸೂಟ್‌ಕೇಸನ್ನು ಅಪ್ಪಿಕೊಂಡು ಸ್ವಂತ ಬಾಗಿಲಿಗೆ ಬಂದರು. ಕೋಟು ತೊಟ್ಟ ಹೆಂಡತಿ ಅಡ್ಡ ನಿಂತಿದ್ದಳು. ನಗುವ ಮುಖ, ಬಾಗಿಲ ಚೌಕಟ್ಟು ಬಿಡದ ಕೈ.

"ಯಾರು ಬೇಕಾಗಿತ್ತು?" ಎಂದಳು, ಅವರದೇ ದನಿಯಲ್ಲಿ.

ಮಗಳು ಹಿಂದಿನಿಂದ ಇಣುಕಿದಳು. "ಅಪ್ಪಾ, ಮೇಲಕ್ಕಾ, ಕೆಳಕ್ಕಾ?"

"ಒಳಕ್ಕೆ," ಎಂದರು ಸಾಹೇಬರು. "ನಾಳೆ ಫೋನ್ ಬರುತ್ತೆ. ನೀನೇ ತಗೋ ಮಾರಾಯ್ತಿ. ನನ್ನ ದನಿ ನನಗಿಂತ ನಿನಗೇ ಚೆನ್ನಾಗಿ ಬರುತ್ತೆ. ಆಗಲ್ಲ ಅಂದ್ಬಿಡು."

ಹೇಳುತ್ತಲೇ ಅವರ ಕೈ ತಾನಾಗಿ ಸ್ವಿಚ್ಚಿಗೆ ಹೋಗಿ ಎರಡು ಸಲ ಒತ್ತಿತು, ಕತ್ತು ಮೇಲಕ್ಕೆದ್ದಿತು. ತಾಯಿ ಗೊಳ್ಳೆಂದರು, ಮಗಳು ಕಿರುಚಿದಳು, ಕುಂಡ ಹೊತ್ತು ಹಿಂದೆಯೇ ಬಂದ ಡಾಕ್ಟರು ಅದನ್ನು ಕೆಳಗಿಟ್ಟು ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡರು. ಆದರೆ ಇವರೆಲ್ಲರ ಸದ್ದನ್ನೂ ಮುಳುಗಿಸಿ, ಆ ಒಂದೇ ಅಚ್ಚಿನ ಸಾಲು ಮನೆಗಳ ಕಿಟಕಿಗಳೆಲ್ಲ ಒಂದೊಂದಾಗಿ ತೆರೆಯುವಷ್ಟು ಜೋರಾಗಿ ನಕ್ಕವರು ಸಾಹೇಬರೇ.