ಡೆಲ್ಬರ್ಟ್ ಮುಂದೆ ಹೋದ, ಕಾರು ಹಿಂದೆ ಉಳಿಯಿತು

ನಮ್ಮ ಕೆರೆದಂಡೆಯ ಕ್ಯಾಂಪಿನಲ್ಲಿ ಒಂದು ಕೆಟ್ಟ ಅಭ್ಯಾಸ ಇದೆ. ಬೆಳಿಗ್ಗೆ ಯಾರಾದರೂ ತಮ್ಮ ಮೋಟಾರ್‌ಹೋಮ್, ಅಂದರೆ ಮನೆಯಂಥ ದೊಡ್ಡ ಬಸ್ಸಿನ ಹಿಂದೆ ಕಾರು ಕಟ್ಟಲು ಬಗ್ಗಿದರೆ ಸಾಕು, ಅಕ್ಕಪಕ್ಕದವರೆಲ್ಲ ಕಾಫಿ ಹಿಡಿದು ಬೀಳ್ಕೊಡಲು ಬಂದುಬಿಡುತ್ತಾರೆ. ಪ್ರೀತಿಯೇ, ಬೇಡ ಅನ್ನುವುದಿಲ್ಲ. ಆದರೆ ಹೋದ ತಿಂಗಳು ಆ ಪ್ರೀತಿ ಒಂದು ಜೀವ ತೆಗೆಯುವುದರಲ್ಲಿತ್ತು.

ಹೊರಟಿದ್ದವರು ಡೆಲ್ಬರ್ಟ್ ಮತ್ತು ಅವನ ಹೆಂಡತಿ ರೋಂಡಾ. ಅವರ ನಾಯಿ ಗಸ್ ಹಿಂದಿನ ಸಂಜೆ ಪೊದೆಯಲ್ಲಿದ್ದ ಸ್ಕಂಕ್ ಎಂಬ ಪ್ರಾಣಿಯನ್ನು ಕೆಣಕಿ, ಅದರ ಹೊಲಸು ನೀರನ್ನು ಮೈತುಂಬ ಹೊಡೆಸಿಕೊಂಡಿತ್ತು. ತೊಳೆದರೂ ನಾತ ಹೋಗಿರಲಿಲ್ಲ. ಡೆಲ್ಬರ್ಟ್ ಅದನ್ನು ಹಿಂದೆ ಕಟ್ಟುವ ಕಾರಿನೊಳಗೆ ತಳ್ಳಿ ಬಾಗಿಲು ಹಾಕಿದ.

ನಾನು ಆ ಕ್ಯಾಂಪಿನ ಉಸ್ತುವಾರಿ. ಸುಮ್ಮನಿರಲಾಗಲಿಲ್ಲ.

"ನಾಯೀನ ಇಳಿಸೋ ಡೆಲ್ಬರ್ಟ್! ಎಳ್ಕೊಂಡು ಹೋಗೋ ಕಾರಲ್ಲಿ ಯಾವ ಜೀವಾನೂ ಇರಬಾರದು."

"ಈ ಗಬ್ಬುನಾಥನ ಪಕ್ಕ ನೀನು ಕೂತ್ಕೋತೀಯಾ ವಿಲ್ಮಾ?"

"ಕಾರನ್ನ ಬಸ್ಸಿಗೆ ಬಿಗಿಯೋ ಸರಪಳಿ ಯಾಕೆ ನೆಲದ ಮೇಲೆ ಬಿದ್ದಿದೆ? ಕಾರು ಎಳೆಯೋ ಕಂಬಿ ಕೆಳಗೆ ಅಡ್ಡಡ್ಡ ಹಾಕಿ ಸಿಗಿಸು."

"ಈ ಕಂಬಿ ರೈಲನ್ನೇ ಎಳೆಯುತ್ತೆ. ಮೂವತ್ತು ವರ್ಷ ಲಾರಿ ಓಡಿಸಿದೋನಿಗೆ ಪಾಠ ಹೇಳ್ತಾಳೆ ನೋಡು!"

"ಲಾರೀಲಿ ಹಿಂದಿನ ಭಾರ ನಿಂಗೆ ಗೊತ್ತಾಗ್ತಿತ್ತು ಕಣೋ. ಇಷ್ಟು ದೊಡ್ಡ ಬಸ್ಸಿನ ಹಿಂದೆ ಈ ಪುಟ್ಟ ಕಾರು ಕಳಚಿ ಬಿದ್ರೂ ಗೊತ್ತಾಗಲ್ಲ."

ಅವನು ಸರಪಳಿ ಸಿಗಿಸಲಿಲ್ಲ, ನಾಯಿಯನ್ನೂ ಇಳಿಸಲಿಲ್ಲ. ಅಷ್ಟರಲ್ಲಿ ಪಕ್ಕದ ಕ್ಲೈಡ್ ಬಂದ. "ನಿನ್ನೆ ಎಷ್ಟು ಮೀನು ಸಿಕ್ತು?" ಅಂತ ಕೇಳಿದ. ಅವನ ಹೆಂಡತಿ ದಾರಿಗೆಂದು ಬಿಸಿ ಬ್ರೆಡ್ ತಂದಿದ್ದಳು. ಕಂಬಿಯನ್ನು ಬಸ್ಸಿಗೆ ಹಿಡಿದಿಡುವುದು ಒಂದೇ ಒಂದು ದಪ್ಪ ಪಿನ್ನು. ಡೆಲ್ಬರ್ಟ್ ಪಿನ್ನು ತೂರಿಸಿದ. ಅದು ಜಾರಿ ಬೀಳದಂತೆ ಹಾಕುವ ಕ್ಲಿಪ್ಪನ್ನು ಜೇಬಿಗೆ ಹಾಕಿಕೊಂಡು ಬ್ರೆಡ್ಡಿಗೆ ಕೈ ಚಾಚಿದ. ನಾವ್ಯಾರೂ ಅದನ್ನು ನೋಡಲಿಲ್ಲ.

ರೋಂಡಾ ಮೆಲ್ಲಗೆ ನನ್ನ ತೋಳು ಹಿಡಿದಳು. "ಕಾರಿಂದ ಬಂದಿರೋ ಈ ತೆಳ್ಳಗಿನ ತಂತಿ ಯಾತಕ್ಕೆ ಕಣೇ?"

"ಅದೊಂದನ್ನಾದ್ರೂ ಬಸ್ಸಿಗೆ ಸಿಗಿಸು ಮಾರಾಯ್ತಿ. ಕಾರು ಕಳಚಿಕೊಂಡ್ರೆ ತಂತಿ ಕಿತ್ತು ಬರುತ್ತೆ. ಆಗ ಕಾರಿನೊಳಗಿರೋ ಪೆಟ್ಟಿಗೆ ತಾನೇ ಬ್ರೇಕ್ ಒತ್ತುತ್ತೆ."

"ಷೂ ದಾರ ಕಟ್ಟಿ ಕಾರು ನಿಲ್ಲಿಸ್ತಾರಂತೆ!" ಅಂತ ಡೆಲ್ಬರ್ಟ್ ನಕ್ಕ. ಅವಳು ಮಾತ್ರ ಸಿಗಿಸಿದಳು.

ಬಸ್ಸು ಹೊರಟಿತು. ಗೇಟಿನವರೆಗೂ ಏರುದಾರಿ. ಆ ಏರಿನ ಬುಡದಲ್ಲೇ ದೋಣಿ ಇಳಿಸುವ ಜಾಗ, ಅಲ್ಲಿಂದಾಚೆ ಆಳವಾದ ನೀರು. ರಸ್ತೆಯ ಉಬ್ಬು ದಾಟುವಾಗ ಟಣ್ ಅಂತ ಸದ್ದಾಯಿತು. ಪಿನ್ನು ರಸ್ತೆಗೆ ಬಿತ್ತು. ಕಂಬಿ ಬಸ್ಸಿನಿಂದ ಕಳಚಿತು. ಗಸ್ ಕೂತಿದ್ದ ಕಾರು ಕೆರೆಯ ಕಡೆ ಹಿಂದಕ್ಕೆ ಉರುಳಿತು!

ನಾನು ಕಿರುಚಿದೆ. ತಂತಿ ಬಿಗಿದು ಕಿತ್ತು ಬಂತು. ಚಕ್ರಗಳು ಗಕ್ಕನೆ ಕಚ್ಚಿಕೊಂಡವು. ಕಾರು ಜಲ್ಲಿಯ ಮೇಲೆ ಸರ್ರನೆ ಜಾರಿ, ಓರೆಯಾಗಿ ನಿಂತಿತು. ಕಿಟಕಿಗೆ ಮೂತಿ ಒತ್ತಿಕೊಂಡು ಗಸ್ ನಮ್ಮನ್ನೇ ನೋಡುತ್ತಿತ್ತು.

ಇನ್ನೂ ಘೋರವಾದದ್ದು ಯಾವುದು ಗೊತ್ತೇ? ಬಸ್ಸು ನಿಲ್ಲಲೇ ಇಲ್ಲ. ಡೆಲ್ಬರ್ಟ್ ಕಿಟಕಿಯಿಂದ ಕೈ ಬೀಸುತ್ತಾ ಗೇಟು ದಾಟಿ ಹೋಗಿಬಿಟ್ಟ!

ತಕ್ಷಣ ಫೋನ್ ಮಾಡಿದೆ. "ರೋಂಡಾ, ಗಸ್ ಎಲ್ಲೇ?"

"ಹಿಂದಿನ ಕಾರಲ್ಲಿ."

"ಕಾರೆಲ್ಲಿ?"

ಫೋನಿನಲ್ಲಿ ಅವಳ ಚೀತ್ಕಾರ ಕೇಳಿತು.

ಡೆಲ್ಬರ್ಟ್ ಬಸ್ಸು ನಿಲ್ಲಿಸಿ ಓಡಿ ಬಂದ. ರಸ್ತೆಯಲ್ಲಿ ಬಿದ್ದಿದ್ದ ಪಿನ್ನು ನೋಡಿದ, ಜೇಬು ಮುಟ್ಟಿಕೊಂಡ. ಕ್ಲಿಪ್ಪು ಅಲ್ಲೇ ಇತ್ತು. ನಾಯಿಯನ್ನು ಇಳಿಸಿ, ಆ ನಾತದ ಮೈಯನ್ನೇ ತಬ್ಬಿಕೊಂಡು ಜಲ್ಲಿಯ ಮೇಲೆ ಕೂತುಬಿಟ್ಟ.

"ಹೆದ್ದಾರೀಲಿ ಕಳಚಿದ್ರೆ?" ಅಂದ. "ನಮ್ಮ ಹಿಂದೆ ಬರೋ ಬೇರೆಯವರ ಕಾರಲ್ಲಿ ಮಕ್ಕಳಿದ್ದಿದ್ರೆ? ವಿಲ್ಮಾ, ನಂಗೆ ಗೊತ್ತೇ ಆಗ್ಲಿಲ್ಲ ಕಣೇ. ಏನೂ ಗೊತ್ತಾಗ್ಲಿಲ್ಲ."

ಅವತ್ತು ಅವರು ಹೊರಡಲಿಲ್ಲ. ಕಿತ್ತುಹೋದ ತಂತಿ, ಬಾಗಿದ ಕಂಬಿಗಳ ಬದಲಿಗೆ ಹೊಸವು ಬಂದ ಮೇಲೆ, ಪ್ರತಿಯೊಂದನ್ನೂ ಡೆಲ್ಬರ್ಟ್ ಕೈಯಾರೆ ಸಿಗಿಸಿದ. ಆಮೇಲೆ ರೋಂಡಾ ತಾನೂ ಒಂದೊಂದನ್ನೇ ಎಳೆದು ನೋಡಿದಳು. ಗಸ್ ಬಸ್ಸಿನೊಳಗೆ ಅವರ ಜೊತೆಯೇ ಹೋಯಿತು, ಕಿಟಕಿಗಳೆಲ್ಲ ತೆರೆದಿದ್ದವು.

ಕಾರು ಎಳೆದುಕೊಂಡು ಹೋಗುವ ಅಣ್ಣಂದಿರೇ, ಅಕ್ಕಂದಿರೇ, ದಮ್ಮಯ್ಯ ಅನ್ನುತ್ತೇನೆ, ಕೇಳಿ. ಪಿನ್ನಿಗೆ ಕ್ಲಿಪ್ಪು ಹಾಕಿ. ಸರಪಳಿ, ದೀಪದ ವೈರು, ಬ್ರೇಕಿನ ತಂತಿ ಮೂರನ್ನೂ ಸಿಗಿಸಿ. ನಿಮ್ಮ ಕಾರಿನ ಪುಸ್ತಕ ಹೇಳಿದಂತೆ ಗೇರು ಬಿಡಿಸಿ, ಹ್ಯಾಂಡ್‌ಬ್ರೇಕ್ ಇಳಿಸಿ. ಸ್ಟೇರಿಂಗ್ ತಿರುಗುತ್ತದೆಯೇ ನೋಡಿ. ಕಾರು ಕಟ್ಟಿಕೊಂಡು ಹಿಂದಕ್ಕೆ ಮಾತ್ರ ಹೋಗಬೇಡಿ, ಕಂಬಿ ಮುರಿಯುತ್ತದೆ. ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ, ಇಳಿದು ಇನ್ನೊಮ್ಮೆ ನೋಡಿ. ಬೀಳ್ಕೊಡಲು ಹೋಗುವವರೇ, ಅವರು ಕೆಲಸ ಮುಗಿಸಿ ಎದ್ದು ನಿಲ್ಲುವವರೆಗೆ ಬಾಯಿ ಮುಚ್ಚಿಕೊಂಡಿರಿ. ಗಸ್ ನಮ್ಮೆಲ್ಲರ ಮುದ್ದಿನ ನಾಯಿ, ಉಳಿಯಿತು. ರಸ್ತೆಯಲ್ಲಿ ನಿಮ್ಮ ಹಿಂದೆ ಬರುವವರು ಯಾರ ಮಕ್ಕಳೋ, ಅವರೂ ಮನೆ ಸೇರಬೇಕು.